ನರಳುತ್ತ ಕಲಿತದ್ದು ರಾಗವಾದೀತೆ?

ವಿದ್ಯೆಗೆ ಶ್ರಮ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಶ್ರಮವೆಂದರೆ ನೋವೇ? ನಾಳಿನ ಹಿತಕ್ಕಾಗಿ ಇಂದು ಮಗುವಿನ ಮೈ ನೋಯಿಸುವ ಹಕ್ಕು ತಂದೆತಾಯಿಗಳಿಗಾಗಲಿ ಗುರುಗಳಿಗಾಗಲಿ ಉಂಟೆ? ವಿಶಾಖಪಟ್ಟಣ, ವಿಜಯವಾಡಗಳಿಗೆ ಉದ್ಯೋಗನಿಮಿತ್ತ ಬಂದು ನೆಲೆಸಿದ ನಮ್ಮಂಥವರು ಮಕ್ಕಳನ್ನು ಪಿಯಾನೊ ಪಾಠಕ್ಕೆ ಕಳಿಸುವ ಮುನ್ನ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು. ಪಿಯಾನೊ ನಮಗೆ ತೀರ ಪರಕೀಯವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರೇ ಅದನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದ್ದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ಹಿರಿಯರು ಹೇಳುತ್ತಾರೆ. ನಿಜವೇ. ಆದರೆ ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಜರ್ಮನಿಯ ರಾಬರ್ಟ್ ಶೂಮನ್ ಪಿಯಾನೊ ವಾದಕನಾಗಲು ಪಣತೊಟ್ಟು, ಬೆರಳಿನ ಸಾಧನೆಗೆ ಯಂತ್ರವೊಂದನ್ನೂ ಬಳಸಿದವನು. 1830ರ ದಶಕದ ಆರಂಭದಲ್ಲಿಯೇ ಅವನ ಬಲಗೈ ಬೆರಳು ಸ್ವಾಧೀನ ತಪ್ಪಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಶ್ರೇಷ್ಠ ಸಂಗೀತ ರಚನಕಾರನಾಗಿ ಅವನು ಉಳಿದ; ವಾದಕ ಮಾತ್ರ ಅಲ್ಲಿಗೇ ಮುಗಿದ.

ಇನ್ನು ವಾದ್ಯದ ವಿಜ್ಞಾನವನ್ನು ನೋಡೋಣ. ಪಿಯಾನೊದ ಒಂದು ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರು. ಅದನ್ನು ಮೆಲ್ಲನೆ ಇಳಿಸಲು 50 ಗ್ರಾಂ ಆಸುಪಾಸಿನ ಭಾರ ಸಾಕು. ಒಳಗಿನ ಸುತ್ತಿಗೆ ತಂತಿಯನ್ನು ತಟ್ಟುವ ಮೊದಲೇ ಕೀಯ ಹಿಡಿತದಿಂದ ಬಿಡಿಸಿಕೊಂಡಿರುತ್ತದೆ. ಆಮೇಲೆ ಎಷ್ಟೇ ಬಲವಾಗಿ ಅದುಮಿದರೂ ಆ ಸ್ವರ ಒಂದಿಷ್ಟೂ ಹೆಚ್ಚದು. ಹೆಚ್ಚುವುದು ಮಣಿಕಟ್ಟಿನ ಬಿಗಿ, ಭುಜದ ನೋವು ಅಷ್ಟೆ. ನಮ್ಮ ಎಷ್ಟೋ ಬಲಾತ್ಕಾರಗಳು ಹೀಗೆಯೇ ಅಲ್ಲವೆ? ಫಲ ಕೊಡುವ ಘಳಿಗೆ ಕಳೆದ ಮೇಲೂ ಒತ್ತುತ್ತಲೇ ಇರುತ್ತೇವೆ.

ವಾದ್ಯ ಮೈಗೆ ಒಗ್ಗಬೇಕೇ ಹೊರತು ಮೈ ವಾದ್ಯಕ್ಕೆ ಬಲಿಯಾಗಬಾರದು. ಇದನ್ನು ದಕ್ಷಿಣದ ಸಂಗೀತಗಾರರು ಬಲ್ಲರು. ಪಾಶ್ಚಾತ್ಯರು ಗಲ್ಲದಡಿ ಹಿಡಿದು ನುಡಿಸುವ ಪಿಟೀಲನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಗಾಲಿನ ಹರಡಿನ ಬಳಿ ಊರಿ ನುಡಿಸಿದರು. ಗಮಕಕ್ಕೆ ಎಡಗೈ ಸ್ವತಂತ್ರವಾಯಿತು. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ವಿಶಾಖಪಟ್ಟಣದಲ್ಲಿ ಬೆಳೆದ ದ್ವಾರಂ ವೆಂಕಟಸ್ವಾಮಿ ನಾಯುಡು ಈ ಪಿಟೀಲಿನಿಂದಲೇ ಕೀರ್ತಿವಂತರಾದರು. 1919ರಲ್ಲಿ ವಿಜಯನಗರಂನ ಮಹಾರಾಜ ಸಂಗೀತ ಕಾಲೇಜಿನಲ್ಲಿ ಅಧ್ಯಾಪಕರಾಗಿ, 1936ರಲ್ಲಿ ಪ್ರಾಂಶುಪಾಲರಾದರು. ಪಿಯಾನೊವನ್ನು ಹಾಗೆ ಮಲಗಿಸಿ ನಿಲ್ಲಿಸಿ ನುಡಿಸಲಾಗದು, ಒಪ್ಪತಕ್ಕದ್ದೇ. ಆದರೆ ಮಗುವಿನ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಪೀಠವನ್ನು ಎತ್ತರಿಸಬಹುದು. ನೆಲಕ್ಕೆ ಎಟುಕದ ಕಾಲಿಗೆ ಒಂದು ಮಣೆ ಇಡಬಹುದು.

ಪಾಠ ಹಿತವಾಗಿರಬೇಕೆಂದರೆ ಶಿಸ್ತು ಬೇಡವೆಂದಲ್ಲ. ಜಿನೀವಾದಲ್ಲಿ ಕಲಿಸುತ್ತಿದ್ದ ಜಾಕ್ ದಾಲ್ಕ್ರೋಜ್ ಎಂಬ ಸಂಗೀತಗಾರ ಲಯವನ್ನು ಮಕ್ಕಳಿಗೆ ಮೊದಲು ನಡಿಗೆಯಲ್ಲಿ, ಮೈಯ ಚಲನೆಯಲ್ಲಿ ಕಲಿಸಿದ. ನಮ್ಮಲ್ಲಿಯೂ ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ಸರಳೆ ವರಸೆಯನ್ನು ಮಗು ತೊಡೆಯ ಮೇಲೆ ತಾಳ ಹಾಕುತ್ತ ಮೂರು ಕಾಲಗಳಲ್ಲಿ ಹಾಡುತ್ತದೆ. ನೂರು ಸಲ ಹಾಡಿಸುವ ಶಿಸ್ತು ಅಲ್ಲಿದೆ, ನೋವು ಇಲ್ಲ. ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲಿದೆ. ಏರಿದೆನೆಂಬ ಸಂತೋಷವೇ ಮುಂದಿನ ಮೆಟ್ಟಿಲಿಗೆ ಕರೆದೊಯ್ಯುತ್ತದೆ.

ಹಾಗಾದರೆ ನೋವು ಎಲ್ಲಿಂದ ಬಂತು? ಬಹುಪಾಲು ನಮ್ಮ ಅವಸರದಿಂದ. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಗು ನುಡಿಸಬೇಕು, ನಾಲ್ಕು ಜನ ಚಪ್ಪಾಳೆ ತಟ್ಟಬೇಕು. ಪರಸ್ಥಳದಲ್ಲಿ ಬದುಕುವವರಿಗೆ ಈ ಆಸೆ ತುಸು ಹೆಚ್ಚೇ. ಆಸೆ ತಪ್ಪಲ್ಲ, ಅದರ ಬೆಲೆಯನ್ನು ಮಗುವಿನ ಬೆರಳಿನಿಂದ ವಸೂಲು ಮಾಡುವುದು ತಪ್ಪು. ಮಗುವಿನ ಮೈ ಮಗುವಿನದು. ನಾವು ಕೆಲಕಾಲದ ಪಾಲಕರು ಮಾತ್ರ. ಆದ್ದರಿಂದ ಅದು "ಕೈ ನೋಯುತ್ತೆ" ಎಂದರೆ ನೆಪವೆಂದು ಗದರದೆ, ಆ ದಿನದ ಅಭ್ಯಾಸ ನಿಲ್ಲಿಸಿ, ಗುರುಗಳೊಡನೆ ಮಾತನಾಡುವುದು ಪಾಲಕರ ಮೊದಲ ಕರ್ತವ್ಯ.

ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬ ಗಾದೆ ನಮ್ಮದೇ. ಎರಡರಲ್ಲಿ ಯಾವುದನ್ನು ಕಲಿಸುತ್ತಿದ್ದೇವೆಂಬುದನ್ನು ಮಗುವಿನ ಮುಖ ನೋಡಿದರೆ ತಿಳಿಯುತ್ತದೆ.