ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿ ಯಾರು?

ಸೀಮಂತ ಮುಗಿಯುತ್ತಿದ್ದಂತೆ ಮನೆಯಲ್ಲಿ ಒಂದೇ ಮಾತು: ‘ನಾರ್ಮಲ್ ಮಾಡಿಸೋ ಡಾಕ್ಟ್ರು ಯಾರಿದ್ದಾರೆ?’ ಅಕ್ಕಪಕ್ಕದವರು ಒಂದು ಹೆಸರು ಹೇಳುತ್ತಾರೆ. ಇನ್ನೊಂದು ಹೆಸರು ಬಂದರೆ ‘ಅಲ್ಲಿಗೆ ಹೋದ್ರೆ ಕುಯ್ಯೋದೇ’ ಎಂದು ಕೈಯಾಡಿಸುತ್ತಾರೆ. ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 31 ದಾಟಿದೆ. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕೂ ಮೇಲೆ. (ಒಳ್ಳೆ ನಕ್ಷತ್ರ ನೋಡಿ ಕುಯ್ಯಿಸಿಕೊಳ್ಳುವವರೂ ನಮ್ಮಲ್ಲೇ ಇದ್ದಾರೆ. ಆ ಪಾಪವನ್ನು ಡಾಕ್ಟರ ಲೆಕ್ಕಕ್ಕೆ ಬರೆಯಬಾರದು.)

ಆಗ ಹಿರಿಯರೊಬ್ಬರು ಸೂಲಗಿತ್ತಿಯರ ಕಾಲ ನೆನೆಯುತ್ತಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಬಗ್ಗೆ ನನಗೂ ಅಪಾರ ಗೌರವ. ಆದರೆ 2001–03ರಲ್ಲಿ ರಾಜ್ಯದಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ಕ್ಕೆ ಅದು 69ಕ್ಕೆ ಇಳಿಯಿತು. ಹೆರಿಗೆ ಆಸ್ಪತ್ರೆಗೆ ಬಂದದ್ದು ಇದಕ್ಕೆ ದೊಡ್ಡ ಕಾರಣ. ಮಗು ಹೊರಬಂದ ಮೇಲೆ ರಕ್ತ ನಿಲ್ಲದಿದ್ದರೆ, ಎಂಥ ಪಳಗಿದ ಕೈಯಾದರೂ ಬರಿಗೈಯೇ. ಆಗ ಬೇಕಾದದ್ದು ಇಂಜೆಕ್ಷನ್, ರಕ್ತ, ಆಪರೇಷನ್ ಥಿಯೇಟರು.

ಹೆರಿಗೆಯನ್ನು ಆಸ್ಪತ್ರೆಗೆ ಸಾಗಿಸುವಾಗ ನಾವು ಹಿಂದೆ ಬಿಟ್ಟುಬಂದದ್ದು ಸೂಲಗಿತ್ತಿಯ ಪುರುಸೊತ್ತನ್ನು. ಆಕೆ ಬೇನೆ ಶುರುವಾದಾಗ ಬಂದರೆ ಮಾಸು ಬೀಳುವವರೆಗೂ ಕದಲುತ್ತಿರಲಿಲ್ಲ. ಸೊಂಟ ಉಜ್ಜುವಳು, ಅಂಗಳದಲ್ಲಿ ನಡೆಸುವಳು, ಕುಕ್ಕರಗಾಲಲ್ಲಿ ಕೂರಿಸುವಳು. ಇಂದಿನ ಎಷ್ಟೋ ಲೇಬರ್ ವಾರ್ಡುಗಳಲ್ಲಿ ಮೂರು ಮಂಚಕ್ಕೆ ಒಬ್ಬರೇ ಸಿಸ್ಟರ್. ಹೆಂಗಸು ಅಂಗಾತ ಮಲಗಿ, ಕಾಲು ಮೇಲಕ್ಕೆ ಕಟ್ಟಿಸಿಕೊಂಡು, ಸೂರು ನೋಡುತ್ತಿರುತ್ತಾಳೆ. ‘ಕೂಗ್ಬೇಡಮ್ಮ, ಮುಕ್ಕು’ ಎಂಬ ಗದರಿಕೆ ಆಚೆ ಮಂಚದಿಂದ ಬರುತ್ತದೆ. ಅವಳ ತಾಯಿ ಬಾಗಿಲಾಚೆ ಫ್ಲಾಸ್ಕ್ ಹಿಡಿದು ನಿಂತಿದ್ದಾಳೆ. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಣ್ಣುಮಗಳನ್ನು ಬಿಡಿ ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿತ್ತು. ಓಡಾಡಲು ಬಿಡಿ, ಬೇಕಾದ ಭಂಗಿಯಲ್ಲಿ ಹೆರಲು ಬಿಡಿ, ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲಿಲ್ಲವೆಂದು ಅವಸರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಬರೆಯಿತು. ಹಳ್ಳಿಯ ಸೂಲಗಿತ್ತಿಗೆ ಇದು ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ಆ ಪುರುಸೊತ್ತನ್ನು ಮರಳಿ ತರುವ ದಾರಿಯೂ ಇದೆ. ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಬಸುರಿಗೆ ತರಬೇತಾದ ಮಿಡ್‌ವೈಫ್ ನೋಡಿಕೊಳ್ಳುವ ಹೆರಿಗೆ ಕೇಂದ್ರ ಮಾಮೂಲಿ ಆಯ್ಕೆ. ನಮ್ಮಲ್ಲೂ ನರ್ಸ್‌ಗಳಿಗೆ 18 ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆ ವಹಿಸುವ ಮಾರ್ಗಸೂಚಿ 2018ರಲ್ಲಿ ಬಂದಿದೆ. ಅದಕ್ಕೂ ಮೊದಲೇ ತೆಲಂಗಾಣ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಈ ಕೆಲಸಕ್ಕೆ ಕೈಹಾಕಿತ್ತು. ಆದರೆ ನಮ್ಮ ಹೆಚ್ಚಿನ ಊರುಗಳಲ್ಲಿ ಡಾಕ್ಟರೋ ಮಿಡ್‌ವೈಫೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇರುವವರು ಡಾಕ್ಟರು ಮಾತ್ರ. ಬಿ.ಪಿ., ಅವಳಿ, ಅಡ್ಡ ಮಲಗಿದ ಮಗು, ಹಿಂದೊಮ್ಮೆ ಸಿಸೇರಿಯನ್ ಆಗಿದ್ದರಂತೂ ಡಾಕ್ಟರೇ ಬೇಕು, ಅಲ್ಲಿ ಚರ್ಚೆಯಿಲ್ಲ.

ಉಳಿದವರು ಡಾಕ್ಟರ ಹೆಸರನ್ನಷ್ಟೇ ವಿಚಾರಿಸಿ ಸುಮ್ಮನಾಗಬಾರದು. ತಪಾಸಣೆಗೆ ಹೋದಾಗ ಬಾಯಿಬಿಟ್ಟು ಕೇಳಬೇಕು: ಅಮ್ಮನನ್ನು ಒಳಗೆ ಬಿಡ್ತೀರಾ? ನೋವು ನಿಧಾನವಾದ್ರೆ, ಮಗು ಚೆನ್ನಾಗಿದ್ರೆ, ಎಷ್ಟು ಹೊತ್ತು ಕಾಯ್ತೀರಾ? ನಡುರಾತ್ರಿ ಆಪರೇಷನ್ ಬೇಕಾದ್ರೆ ಅನಸ್ತೇಷಿಯಾದವರು ಎಲ್ಲಿಂದ ಬರ್ತಾರೆ, ರಕ್ತ ಎಲ್ಲಿ ಸಿಗುತ್ತೆ? ಮೊದಲನೆಯದಕ್ಕೇ ಸಿಡುಕಿದರೆ, ಇಲ್ಲವೇ ಕೊನೆಯದಕ್ಕೆ ತಡವರಿಸಿದರೆ, ಎಂಟನೇ ತಿಂಗಳಲ್ಲೂ ಆಸ್ಪತ್ರೆ ಬದಲಾಯಿಸಬಹುದು. ಸಂಕೋಚ ಬೇಡ, ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು ಕೈಯಲ್ಲಿದ್ದರೆ ಆಯಿತು.