ಅಣ್ಣನ ಋಣ

ನ್ಯಾಯಕ್ಕೆ ನಂಟಿಲ್ಲವೆಂದು ಹೇಳುವುದು ಸುಲಭ. ನಂಟನೇ ಎದುರು ನಿಂತಾಗ ಅದನ್ನು ನಡೆಸುವುದು ಕಷ್ಟ. ಯಶ್ ಚೋಪ್ರಾ ಅವರ 1975ರ ಹಿಂದೀ ಚಿತ್ರ 'ದೀವಾರ್' ಎತ್ತುವ ಪ್ರಶ್ನೆ ಇದೇ. ಅಣ್ಣ ವಿಜಯ್ ಕಳ್ಳಸಾಗಣೆಗಾರ. ತಮ್ಮ ರವಿ ಪೋಲೀಸು ಅಧಿಕಾರಿ. ತಂದೆ ಕಳ್ಳನೆಂಬ ಹಚ್ಚೆಯನ್ನು ಜನ ಚುಚ್ಚಿದ್ದು ಅಣ್ಣನ ಕೈಗೆ ಮಾತ್ರ. ಮುಂಬಯಿಯಲ್ಲಿ ತಾಯಿ ಕೂಲಿ ಮಾಡಿದಳು, ಅವನು ಬೂಟು ಪಾಲಿಷ್ ಮಾಡಿದ. ತಮ್ಮ ಶಾಲೆ ಕಂಡ. ಹಾಗಾದರೆ ತಮ್ಮನ ಪ್ರಾಮಾಣಿಕತೆ ಅವನೊಬ್ಬನ ಗಳಿಕೆಯೆ?

ಅಣ್ಣನ ಮೇಲೆ ಕೈಯೆತ್ತಲು ರವಿ ಮೊದಲು ಹಿಂಜರಿಯುತ್ತಾನೆ. ಅಷ್ಟರಲ್ಲಿ ಓಡುವ ಹುಡುಗನೊಬ್ಬನ ಕಾಲಿಗೆ ಗುಂಡು ಹೊಡೆಯುತ್ತಾನೆ. ಅವನು ಕದ್ದದ್ದು ಬರಿಯ ರೊಟ್ಟಿಯೆಂದು ಆಮೇಲೆ ತಿಳಿಯುತ್ತದೆ. ಆದರೂ ಹುಡುಗನ ತಂದೆ, ಬಡ ಮೇಷ್ಟರು, ಕಳವು ಕಳವೇ ಎನ್ನುತ್ತಾರೆ. ಹಸಿದ ಹುಡುಗನಿಗಿಲ್ಲದ ರಿಯಾಯಿತಿ ತನ್ನ ಅಣ್ಣನಿಗೇಕೆ? ಈ ತರ್ಕಕ್ಕೆ ಉತ್ತರವಿಲ್ಲ. ಕೊನೆಗೆ ತಮ್ಮನ ಗುಂಡಿಗೆ ಬಿದ್ದ ಅಣ್ಣ ತಾಯಿಯ ಮಡಿಲಲ್ಲಿ ಪ್ರಾಣ ಬಿಡುತ್ತಾನೆ.

ಕರ್ತವ್ಯವು ಋಣವನ್ನು ಮೀರಬಹುದು, ತೀರಿಸಲಾರದು. ರವಿ ಮಾಡಿದ್ದು ಸರಿ. ಆದರೆ ಅದಕ್ಕೆ ಬಂದ ಪದಕ ಅವನ ಎದೆಗೆ ಭಾರವಾಗದಿದ್ದರೆ, ಅಲ್ಲಿ ಉಳಿದದ್ದು ಕಾನೂನು ಮಾತ್ರ, ಧರ್ಮವಲ್ಲ. ಆ ಸನ್ಮಾನವನ್ನು ಅವನು ತಾಯಿಗೆ ಒಪ್ಪಿಸುವುದು ಅದಕ್ಕೇ ಇರಬೇಕು.