ಡಬ್ಬದ ಬಸಳೆಗೆ ಯಾರ ನೀರು?

ಮುಲುಂಡಿನ ನಮ್ಮ ಮನೆಯ ಗ್ಯಾಲರಿಯಲ್ಲಿ ಹಳೆಯ ಎಣ್ಣೆ ಡಬ್ಬಗಳ ತಳಕ್ಕೆ ತೂತು ಕೊರೆದು ನಾವು ಬಸಳೆ, ಹರಿವೆ ಬೆಳೆಸುತ್ತೇವೆ. ಮೊದಲ ಬಸಳೆ ಹುಳಿ ಉಂಡ ದಿನ ‘ನಮ್ಮದೇ ಬೆಳೆ’ ಎಂದು ಬೀಗಿದ್ದೂ ಉಂಟು.

ಆದರೆ ನೀರು ಯಾರದು? ಮುಂಬಯಿಗೆ ನೀರುಣಿಸಲು 1892ರಲ್ಲಿ ಕಟ್ಟಿ ಮುಗಿಸಿದ ತಾನ್ಸಾ ಜಲಾಶಯವಿರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಹಲವು ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಅವರ ಕೊಡ ಬರಿದಾಗಿರುವಾಗ ನಮ್ಮ ಹವ್ಯಾಸಕ್ಕೆ ನಲ್ಲಿ ತಿರುಗಿಸುವುದು ನ್ಯಾಯವೇ?

ನಾವು ಗಿಡ ಕಿತ್ತೆಸೆದ ಮಾತ್ರಕ್ಕೆ ಆ ಹಳ್ಳಿಗೆ ನೀರು ಹರಿಯದು, ನಿಜ. ಆದರೂ ಈಗ ಅಕ್ಕಿ, ಬೇಳೆ ತೊಳೆದ ನೀರನ್ನಷ್ಟೇ ಹಾಕುತ್ತೇವೆ. ಅದು ಸಾಕಾಗದ ದಿನ ಬಸಳೆ ಬಾಡುತ್ತದೆ. ಬಾಡಿದ ಎಲೆ ಋಣವನ್ನು ನೆನಪಿಸುತ್ತದೆ. ತೀರಿಸಲಾಗದ ಋಣವನ್ನು ಮರೆಯದಿರುವುದಾದರೂ ನಮ್ಮ ಕೈಯಲ್ಲಿದೆಯಲ್ಲ!